ಅಸಮಪ್ರಣಯವೂ ಅರಸಿಕ ವಿಮರ್ಶೆಯೂ

ಜಾನ್ ಪ್ಯಾಟ್ರಿಕ್ ಶ್ಯಾನ್ಲಿ ಎಂಬ ಅಮೆರಿಕದ ನಾಟಕಕಾರನು, ೨೦೧೪ರಲ್ಲಿ ನ್ಯೂಯಾರ್ಕಿನ ರಂಗವನ್ನೇರಿದ ತನ್ನ ನಾಟಕವೊಂದನ್ನು ವಿಸ್ತರಿಸಿ, ೨೦೨೦ರಲ್ಲಿ 'ವೈಲ್ಡ್ ಮೌಂಟನ್ ಟೈಮ್' ಎಂಬ ಚಲಚ್ಚಿತ್ರವನ್ನು ಹೊರತಂದನು. ಐರ್ಲೆಂಡಿನ ಎರಡು ನೆರೆಯ ಒಕ್ಕಲುಮನೆಗಳ ಪ್ರಣಯಕಥೆಯಿದು. ಇದರ ಮುನ್ನೋಟದ ತುಣುಕನ್ನು ಕಂಡಾಗಲೇ ಪಾತ್ರಧಾರಿಗಳ ಉಚ್ಚಾರಣೆಯನ್ನು ಅನೇಕರು ಗೇಲಿಮಾಡಿದರು. ಚಿತ್ರವು ಬಂದ ಮೇಲೆ, ಇದು ನಿಜವಾದ ಐರ್ಲೆಂಡಲ್ಲವೆಂದೂ ಇಂತಹ ಪ್ರಣಯಿಗಳು ಲೋಕದಲ್ಲಿಲ್ಲವೆಂದೂ ವಿಮರ್ಶಕ ಮಹಾಶಯರು ತೀರ್ಪಿತ್ತರು. ಈ ತೀರ್ಪು ಅರಸಿಕವೆಂಬುದೇ ನಮ್ಮ ವಾದ.

ಮೊದಲನೆಯ ಆಕ್ಷೇಪದಲ್ಲಿ ಸತ್ಯಾಂಶವುಂಟು, ಅದನ್ನು ಮುಚ್ಚಿಡಲಾರೆವು. ನಾಯಿಕೆಯಾದ ಎಮಿಲಿ ಬ್ಲಂಟ್ ಆಂಗ್ಲಳು. ತಂದೆಯ ಪಾತ್ರದ ಕ್ರಿಸ್ಟಫರ್ ವಾಕನ್ ಅಮೆರಿಕದವನು. ನಾಯಕನಾದ ಜೇಮೀ ಡಾರ್ನನ್ ಒಬ್ಬನು ಉತ್ತರ ಐರ್ಲೆಂಡಿನವನು. ಯಾವ ಪಾತ್ರಕ್ಕೆ ಯಾವ ಭಾಷೆ ಸಲ್ಲತಕ್ಕುದೆಂದು ನಾಟ್ಯಶಾಸ್ತ್ರದಲ್ಲಿ ವಿಧಿಸಿದ ಭರತನನ್ನು ಓದಿದವರಿಗೆ ಉಚ್ಚಾರಣಾದೋಷವು ಅಲ್ಪದೋಷವಲ್ಲ. ಆದರೆ ವಾಚಿಕದ ಒಂದು ಲೋಪಕ್ಕಾಗಿ ಕಾವ್ಯದ ವಸ್ತುವನ್ನೇ ತಳ್ಳಿಹಾಕುವುದು ಯಾವ ನ್ಯಾಯ?

ವಸ್ತುವೇನು? ರೋಸ್ಮೆರಿ ಬಾಲ್ಯದಿಂದಲೂ ನೆರೆಮನೆಯ ಆಂಟನಿಯನ್ನು ಪ್ರೀತಿಸುವಳು; ಅವನೋ ನಾಚಿ ದೂರ ಸರಿಯುವನು. ಮಗನು ಕೃಷಿಗೆ ತಕ್ಕವನಲ್ಲವೆಂದು ತಂದೆಯು ಭೂಮಿಯನ್ನು ಅಮೆರಿಕದಲ್ಲಿರುವ ಸೋದರನ ಮಗನಿಗೆ ಕೊಡಹೊರಡುವನು. ಎರಡು ಮನೆಗಳ ನಡುವೆ ತುಂಡುನೆಲವೊಂದಿದೆ, ಅದು ರೋಸ್ಮೆರಿಯದು. ಎಷ್ಟು ಬೇಡಿದರೂ ಅವಳು ಅದನ್ನು ಬಿಡಳು. ಇದೆಲ್ಲವೂ ಕಟ್ಟುಕಥೆಯೆನ್ನುವವರು ಆ ನಾಡಿನ ಚರಿತ್ರೆಯನ್ನು ತೆರೆದು ನೋಡಲಿ. ೧೮೪೫ರಲ್ಲಿ ಮೊದಲಾದ ಮಹಾಕ್ಷಾಮದ ತರುವಾಯ, ಅಲ್ಲಿನ ರೈತನು ಭೂಮಿಯನ್ನು ಹಂಚದೆ ಒಬ್ಬ ಮಗನಿಗೇ ಕೊಡತೊಡಗಿದನು. ಅದನ್ನೂ ಮುಪ್ಪಿನವರೆಗೆ ಕೈಬಿಡಲಿಲ್ಲ. ಭೂಮಿಯಿಲ್ಲದೆ ವಿವಾಹವಿಲ್ಲ. ಆದುದರಿಂದ ನಡುವಯಸ್ಸಿನವರೆಗೂ ಕಾಯುತ್ತಿದ್ದ ಅವಿವಾಹಿತರು ಆ ದೇಶದಲ್ಲಿ ತಲೆಮಾರುಗಳ ಕಾಲ ಹೇರಳವಾಗಿದ್ದರು. ಆಂಟನಿಯ ಸಂಕೋಚವು ಆ ಗದ್ದೆಯಲ್ಲಿಯೇ ಬೆಳೆದ ಬೆಳೆ. ವಿಮರ್ಶಕರು ನಾಲಗೆಯನ್ನು ಪರೀಕ್ಷಿಸಿದರು, ನೆಲವನ್ನು ನೋಡಲಿಲ್ಲ.

ಇನ್ನು ಅವರು ಅತ್ಯಂತ ನಕ್ಕ ಪ್ರಸಂಗವನ್ನು ವಿಚಾರಿಸೋಣ. ತಾನೇಕೆ ಮದುವೆಯಾಗಲಾರೆನೆಂಬುದನ್ನು ಆಂಟನಿಯು ಕಡೆಯಲ್ಲಿ ಬಾಯಿಬಿಟ್ಟು ಹೇಳುತ್ತಾನೆ: ತಾನೊಂದು ಜೇನುಹುಳುವೆಂದು ಅವನ ನಂಬಿಕೆ! ಇದು ಹುಚ್ಚೆಂದರು. ರೋಸ್ಮೆರಿಗೆ ಬಾಲ್ಯದಲ್ಲಿ ಅವಳ ತಂದೆಯು, ನೀನು ಚೈಕೋವ್‌ಸ್ಕಿಯ ನೃತ್ಯನಾಟಕದ ಹಂಸರಾಣಿಯೆಂದು ಹೇಳಿದ್ದನ್ನು ಮಾತ್ರ ಸಹಿಸಿದರು. ಹಂಸವನ್ನು ಒಪ್ಪಿದವರಿಗೆ ಭ್ರಮರವು ಕಹಿಯೇಕೆ? ಕಾಳಿದಾಸನ ಪುರೂರವನು ಊರ್ವಶಿಯನ್ನು ಕಳೆದುಕೊಂಡು ಕಾಡಿನಲ್ಲಿ ಹಂಸವನ್ನೂ ಭ್ರಮರವನ್ನೂ ಕೇಳುತ್ತ ಅಲೆಯುವಾಗ, ಯಾವ ಸಹೃದಯನು ಅವನನ್ನು ವೈದ್ಯನ ಬಳಿಗೆ ಕಳುಹಿಸೆಂದನು? ನಮ್ಮ ಕವಿಗಳ ಭ್ರಮರವು ಹೂವಿನಿಂದ ಹೂವಿಗೆ ಹಾರುವ ಚಂಚಲ ನಾಯಕ. ಈ ಭ್ರಮರವಾದರೋ ಒಂದು ಹೂವನ್ನೂ ಸಮೀಪಿಸಲು ಹೆದರುವುದು. ನಗೆಯು ಬರುವುದು ಇಲ್ಲಿಂದಲೇ. ಶೃಂಗಾರದಿಂದಲೇ ಹಾಸ್ಯವು ಹುಟ್ಟುವುದೆಂದು ಭರತನು ಹೇಳಿಲ್ಲವೆ? ಆದರೆ ಆ ನಗೆಯೊಳಗೆ ಒಂದು ಭಯವಿದೆ: ನನ್ನ ಒಳಗನ್ನು ಕಂಡವರು ನನ್ನನ್ನು ತೊರೆಯುವರೋ ಏನೋ! ರೋಸ್ಮೆರಿಯು ಅದನ್ನು ಕೇಳಿ ಬೆರಗಾದರೂ ಅವನನ್ನು ತೊರೆಯಲಿಲ್ಲ. ವಿಮರ್ಶಕರು ತೊರೆದರು. ಇಬ್ಬರಲ್ಲಿ ರಸಿಕರಾರು?

ಈ ಚಿತ್ರವನ್ನು ತೆಗೆದುದು ಮೇಯೋ ಪ್ರಾಂತದಲ್ಲಿ. ಸಿಂಜ್ ಕವಿಯ 'ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್' ಎಂಬ ನಾಟಕದ ಕಥೆ ನಡೆಯುವುದೂ ಅದೇ ಪ್ರಾಂತದ ಕಡಲಂಚಿನಲ್ಲಿ. ೧೯೦೭ರಲ್ಲಿ ಡಬ್ಲಿನ್ ನಗರದ ಆಬಿ ರಂಗಮಂದಿರದಲ್ಲಿ ಅದನ್ನಾಡಿದಾಗ, ಐರಿಷ್ ಜನಕ್ಕೆ ಅವಮಾನವಾಯಿತೆಂದು ಪ್ರೇಕ್ಷಕರು ದೊಂಬಿಯೆಬ್ಬಿಸಿದರು. ಇಂದು ಆ ನಾಟಕವು ಆ ನಾಡಿನ ಹೆಮ್ಮೆ. ಶ್ಯಾನ್ಲಿಯ ಕೃತಿಯು ಸಿಂಜನದಕ್ಕೆ ಸಮವೆಂದು ನಾವು ಹೇಳುವುದಿಲ್ಲ. ದೋಷಾರೋಪವು ಸಮವೆಂದು ಮಾತ್ರ ಹೇಳುತ್ತೇವೆ. ತಮ್ಮ ಕಲ್ಪನೆಯ ನಾಡು ತೆರೆಯ ಮೇಲೆ ಕಾಣದಿದ್ದರೆ ಕೃತಿಯೇ ಸುಳ್ಳೆನ್ನುವುದು ವಿಮರ್ಶೆಯಲ್ಲ, ಗಡಿಕಾವಲು. ವಾಚಕರು ಚಿತ್ರವನ್ನು ತಾವೇ ನೋಡಿ, ನಗಬೇಕಾದಲ್ಲಿ ನಕ್ಕು, ಆ ಬಳಿಕ ತೀರ್ಮಾನಿಸಬೇಕೆಂದು ಪ್ರಾರ್ಥನೆ.