ಖರಾಬು ಎಂದರೆ ಏನೂ ಇಲ್ಲವೆಂದಲ್ಲ

ಮಿರ್ಲೆ ಕಡೆಯ ಹಿರಿಯ ರೈತರೊಬ್ಬರ ಪಹಣಿಯನ್ನು ಈಚೆಗೆ ನೋಡುತ್ತಿದ್ದೆ. ಒಟ್ಟು ವಿಸ್ತೀರ್ಣದ ಕೆಳಗೆ ‘ಖರಾಬು’ ಎಂದು ಕೆಲವು ಗುಂಟೆ ನಮೂದಾಗಿತ್ತು.

‘ಈ ಖರಾಬಿನಲ್ಲಿ ಏನಿದೆ ಯಜಮಾನರೇ?’ ಎಂದೆ.

‘ಏನದೆ ಸ್ವಾಮಿ, ಹಳೇ ಕಲ್ಲುಕ್ವಾರಿ ಗುಂಡಿ. ಹೋದ ವರ್ಷ ಒಂದು ಹಸ ಬಿದ್ದು ಸತ್ತೋಯ್ತು. ನಮ್ಮ ತಮ್ಮನ ಭಾಗದಲ್ಲಿ ಹೊಳೆದಂಡೆ ಮರಗಳಿದ್ವು. ಅದೂ ಖರಾಬೇಯ’ ಎಂದರು.

ಕೇಳಿ ಸುಮ್ಮನಾದೆ. ಭೂಮಿಗೆ ಬಿದ್ದ ಗಾಯಕ್ಕೂ ಹೊಳೆಯ ದಡ ಹಿಡಿದು ನಿಂತ ಕಾಡಿಗೂ ದಫ್ತರದಲ್ಲಿ ಒಂದೇ ಹೆಸರು! ತಪ್ಪು ಗುಮಾಸ್ತರದಲ್ಲ. ಪಹಣಿಯ ಲೆಕ್ಕ ಹುಟ್ಟಿದ್ದೇ ಕಂದಾಯಕ್ಕಾಗಿ. ಉಳುಮೆಗೆ ಬಾರದ್ದು ‘ಎ’ ಖರಾಬು. ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ ‘ಬಿ’ ಖರಾಬು. ಕಂದಾಯ ಹುಟ್ಟದ ನೆಲದಲ್ಲಿ ಏನಿತ್ತು, ಏನು ಹೋಯಿತು ಎಂದು ಬರೆಯಲು ಅಲ್ಲಿ ಕಾಲಂ ಇಲ್ಲ.

ಆದರೆ ಮೇಲಿನಿಂದ ನೋಡುವ ಕಣ್ಣಿಗೆ ಇವೆರಡೂ ಬೇರೆ ಬೇರೆಯಾಗಿಯೇ ಕಾಣುತ್ತವೆ. ಸಮೀಕ್ಷೆಯ ವಿಮಾನ ಉಳುವ ಎತ್ತಿನಂತೆ ಸಾಲು ಸಾಲಾಗಿ ಹಾರುತ್ತದೆ. ಒಂದು ಚಿತ್ರ ತೆಗೆದು ಮುಂದಿನದನ್ನು ತೆಗೆಯುವಾಗ ಹಿಂದಿನದರ ಶೇಕಡಾ 60ರಷ್ಟು ನೆಲ ಮತ್ತೆ ಸೇರುವಂತೆ ನೋಡಿಕೊಳ್ಳುತ್ತಾರೆ. ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಸ್ಟೀರಿಯೋಸ್ಕೋಪ್ ಎಂಬ ಜೋಡಿ ಮಸೂರದಲ್ಲಿ ನೋಡಿದರೆ ಚಪ್ಪಟೆ ಕಾಗದದ ಮೇಲೆ ಗುಡ್ಡ ಏಳುತ್ತದೆ, ಗುಂಡಿ ಇಳಿಯುತ್ತದೆ. ಇದನ್ನು ಓದುವುದು ಒಂದು ವಿದ್ಯೆ. ಅದನ್ನು ಕಲಿಸಲೆಂದೇ 1966ರಲ್ಲಿ ಡೆಹರಾಡೂನಿನಲ್ಲಿ ಹಾಲೆಂಡಿನ ನೆರವಿನಿಂದ ಒಂದು ಸಂಸ್ಥೆ ಶುರುವಾಯಿತು. ಇಂದಿನ ಭಾರತೀಯ ದೂರಸಂವೇದಿ ಸಂಸ್ಥೆ ಅದೇ.

ಓದುವುದು ಹೇಗೆ? ಬಣ್ಣದ ಗಾಢತೆ, ಮೇಲ್ಮೈಯ ನಯ ಅಥವಾ ಒರಟು, ಆಕಾರ, ನೆರಳು, ಅಕ್ಕಪಕ್ಕದಲ್ಲಿ ಏನಿದೆ ಎಂಬುದು, ಇವೇ ಅಕ್ಷರಗಳು. ಬಿಟ್ಟುಹೋದ ಗಣಿಯಾದರೆ ಅಂಚು ಕಡಿದಂತಿರುತ್ತದೆ, ಒಂದು ಬದಿಯಲ್ಲಿ ಚೂಪಾದ ನೆರಳು ಬೀಳುತ್ತದೆ. ತಳದಲ್ಲಿ ನೀರು ನಿಂತಿದ್ದರೆ ಕಪ್ಪಗೆ, ಪಕ್ಕದಲ್ಲಿ ಸುರಿದ ಮಣ್ಣು ಬೀಸಣಿಗೆಯಂತೆ ಬೆಳ್ಳಗೆ ಕಾಣುತ್ತದೆ. ಎಲ್ಲಿಗೂ ಹೋಗದೆ ಅಲ್ಲೇ ಮುಗಿಯುವ ಒಂದು ದಾರಿಯೂ ಇರುತ್ತದೆ. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು ಮೇಲಿನಿಂದ ನೋಡಿದರೆ ಗುರುತಿಸಲು ಪರಿಣತಿಯೇ ಬೇಡ. ಮೈಸೂರು ಜಿಲ್ಲೆಯ ಸಿಂಧುವಳ್ಳಿಯಲ್ಲಿ ಕಳೆದ ಶತಮಾನದಲ್ಲಿ ಕ್ರೋಮೈಟ್ ತೆಗೆದಂಥ ಸಣ್ಣ ಗಣಿಗಳ ವಿಷಯ ಹಾಗಲ್ಲ. ಅಲ್ಲಿ ಲಂಟಾನ ಹಬ್ಬಿದರೆ ಪಳಗಿದ ಕಣ್ಣೇ ಬೇಕು.

ಹೊಳೆದಂಡೆಯ ಕಾಡಿನ ಗುರುತೇ ಬೇರೆ. ಹೊಳೆಮತ್ತಿ, ನೇರಳೆ, ಹೊಂಗೆಗಳ ತಲೆಗಳು ಒತ್ತಾಗಿ, ನದಿಯ ತಿರುವಿನ ಜೊತೆಗೇ ತಿರುಗುವ ಕಪ್ಪು ಅಂಚಿನಂತೆ ಕಾಣುತ್ತವೆ. ಹತ್ತಾರು ವರ್ಷದ ನಂತರದ ಚಿತ್ರದಲ್ಲಿ ಆ ಅಂಚು ಹರಿದಿದ್ದರೆ, ಅಲ್ಲಿ ನುಣುಪಾದ ಬಿಳಿ ಮರಳೋ ನೇರ ಗೆರೆಯ ಗದ್ದೆ ಬದುವೋ ಬಂದಿದ್ದರೆ, ಕಾಡು ಹೋಯಿತೆಂದೇ ಅರ್ಥ. ಬೇರಿನ ಹಿಡಿತ ತಪ್ಪಿದ ದಡ ಪ್ರವಾಹಕ್ಕೆ ಸುಲಭದ ತುತ್ತು. 2018 ಮತ್ತು 2019ರ ಆಗಸ್ಟಿನಲ್ಲಿ ಕೊಡಗಿನಿಂದ ಇಳಿದು ಬಂದ ಕಾವೇರಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಚಿತ್ರವನ್ನೇ ನಂಬಿ ಕೂರುವಂತಿಲ್ಲ. ಮೋಡವಿಲ್ಲದ ದಿನ ಬೇಕೆಂದು ಚಿತ್ರ ತೆಗೆಯುವುದು ಹೆಚ್ಚಾಗಿ ಬೇಸಿಗೆಗೆ ಮುನ್ನ. ಹುಣಸೂರು, ಎಚ್.ಡಿ. ಕೋಟೆ ಸೀಮೆಯ ಕಾಡು ಎಲೆ ಉದುರಿಸಿ ನಿಲ್ಲುವುದೂ ಆಗಲೇ. ಇದ್ದ ಕಾಡು ಇಲ್ಲದಂತೆ ತೋರುತ್ತದೆ. ಬಿದಿರು ಹೂಬಿಟ್ಟು ಮೆಳೆಗೆ ಮೆಳೆಯೇ ಒಣಗಿದರೆ ಯಾರೋ ಕಡಿದಂತೆ ಕಾಣುತ್ತದೆ. ತೆಂಗಿನ ತೋಟ ದೂರಕ್ಕೆ ಕಾಡಿನಂತೆ, ನಾಟಿಗೆ ನೀರು ಕಟ್ಟಿದ ಗದ್ದೆ ಕೆರೆಯಂತೆ ಮೋಸ ಮಾಡುತ್ತವೆ. ಅದಕ್ಕೇ ತಿಳಿದವರು ನಕ್ಷೆ ಬರೆದ ಮೇಲೆ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಸ್ಥಳಕ್ಕೆ ಹೋಗಿ, ಊರಿನ ಹಿರಿಯರನ್ನು ಕೇಳಿ ತಾಳೆ ನೋಡುತ್ತಾರೆ. ಕ್ಯಾಮೆರಾಕ್ಕೆ ಗುಂಡಿ ಕಾಣುತ್ತದೆ; ಅದನ್ನು ಯಾರು ಯಾವಾಗ ಅಗೆದರೆಂದು ಯಜಮಾನರಿಗೇ ಗೊತ್ತು.

ಇಲ್ಲಿ ಇನ್ನೊಂದು ಮಾತಿದೆ. ಹೋದದ್ದನ್ನು ತಿಳಿಯಲು ಹಳೆಯ ಚಿತ್ರವೇ ಬೇಕು. ನಮ್ಮಲ್ಲಿ ವೈಮಾನಿಕ ಚಿತ್ರಗಳು ಬಹುಕಾಲ ರಕ್ಷಣಾ ಗುಟ್ಟಾಗಿ ಬೀರುವಿನೊಳಗೇ ಉಳಿದವು. ತಮಾಷೆ ನೋಡಿ, ಅಮೆರಿಕವು 1960ರಿಂದ 1972ರವರೆಗೆ ಕರೋನಾ ಎಂಬ ಗೂಢಚಾರ ಉಪಗ್ರಹಗಳಿಂದ ತೆಗೆದ 8 ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು 1995ರಲ್ಲಿ ಬಹಿರಂಗಪಡಿಸಿತು. ಆಗ ಫಿಲಂ ಸುರುಳಿ ಪ್ಯಾರಾಚೂಟಿನಲ್ಲಿ ಇಳಿಯುತ್ತಿತ್ತು, ವಿಮಾನವೊಂದು ನಡುಗಾಳಿಯಲ್ಲೇ ಅದನ್ನು ಹಿಡಿಯುತ್ತಿತ್ತು! ಅವುಗಳ ಪೈಕಿ ಒಳ್ಳೆಯ ಚಿತ್ರಗಳಲ್ಲಿ 6 ಅಡಿಯ ವಸ್ತುವೂ ಕಾಣುತ್ತದೆ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ, ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಹಿನ್ನೀರಿನಲ್ಲಿ ಮುಳುಗಿದ ಹೊಳೆಬದಿಯ ಕಾಡು ಹೇಗಿತ್ತೆಂದು ತಿಳಿಯಲು ಅಂಥ ಹಳೆಯ ಚಿತ್ರಗಳಿಗಿಂತ ಬೇರೆ ಸಾಕ್ಷಿ ಎಲ್ಲಿದೆ?

ಈಗ ಬಾಗಿಲು ತೆರೆದಿದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ನಕ್ಷೆಗಳ ಮೇಲಿನ ಕಟ್ಟುಪಾಡು ಸಡಿಲಿಸಿತು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್‌ಗಳು ಹಳ್ಳಿಗಳ ಮೇಲೆ ಹಾರಿ ಮನೆ ಮನೆಯನ್ನೂ ಅಳೆದಿವೆ. ಆದರೆ ಅದು ಜನವಸತಿಗೆ ಮಾತ್ರ. ಅದೇ ಡ್ರೋನ್ ಇನ್ನೊಂದು ಮೈಲಿ ಹಾರಿ ಕ್ವಾರಿ ಗುಂಡಿಯನ್ನೂ ಹೊಳೆದಂಡೆಯನ್ನೂ ಅಳೆದರೆ ಎಷ್ಟು ಖರ್ಚಾದೀತು? ಪಂಚಾಯಿತಿ ಗೋಡೆಯ ಮೇಲೆ ಒಂದು ನಕ್ಷೆ ತೂಗುಹಾಕಿದರೆ ಯಾವ ಗುಂಡಿಗೆ ಮೊದಲು ಬೇಲಿ ಬೇಕು, ಯಾವ ದಡಕ್ಕೆ ಮೊದಲು ಗಿಡ ಬೇಕು ಎಂದು ಗ್ರಾಮಸಭೆಯಲ್ಲೇ ತೀರ್ಮಾನವಾದೀತು.

ಹೊರಡುವಾಗ ಆ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ‘ಆಗ್ಲಿ ಸ್ವಾಮಿ, ಬೇಲಿ ಆದ್ರೂ ಬೇಗ ಹಾಕಿಸ್ಲಿ. ಬೇಸಿಗೆ ರಜಾ ಬಂತು ಅಂದ್ರೆ ಹುಡುಗ್ರು ಈಜಕ್ಕೆ ಅಲ್ಲಿಗೇ ಹೋಗ್ತವೆ’ ಎಂದರು.