ಯಾರನ್ನು ನೋಡಿ ನಗುತ್ತಿದ್ದೇವೆ?

ಬಾದಾಮಿ ಬಳಿಯ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಆರಂಭವಾಯಿತೆಂದರೆ ವೃತ್ತಿ ನಾಟಕ ಕಂಪನಿಗಳಿಗೆ ಅದು ಸುಗ್ಗಿಯ ಕಾಲ. ಟೆಂಟಿನಲ್ಲಿ ಕುಳಿತು ಸಿಳ್ಳೆ ಹೊಡೆಯುವ ಅಭಿಮಾನಿಗಳೇ ಈ ಕಂಪನಿಗಳ ಅನ್ನದಾತರು. ಆದುದರಿಂದ ಅವರು ಯಾವುದಕ್ಕೆ ನಗುತ್ತಾರೋ ಅದೇ ಮರುದಿನವೂ ರಂಗಕ್ಕೆ ಬರುತ್ತದೆ.

ತೊದಲುವವ, ಕಿವಿ ಕೇಳಿಸದವ, ಕುಂಟುವವ ನಮ್ಮ ಹಾಸ್ಯದ ಹಳೆಯ ಸರಕು. 'ಕುಂಟ ಕೋಣ ಮೂಕ ಜಾಣ' ಎಂಬ ನಾಟಕದ ಹೆಸರು ಉತ್ತರ ಕರ್ನಾಟಕದಲ್ಲಿ ಮನೆಮಾತು. ಆ ಹೆಸರಿನಲ್ಲಿ ಯಾರಿಗೂ ತಪ್ಪು ಕಾಣದಷ್ಟು ನಾವು ಇಂತಹ ಮಾತಿಗೆ ಒಗ್ಗಿಹೋಗಿದ್ದೇವೆ. ಟೆಂಟಿನ ನಗು ಅಲ್ಲಿಗೇ ಮುಗಿಯುವುದಿಲ್ಲ; ಊರಿಗೆ ಬಂದು ನೆರೆಮನೆಯ ಹುಡುಗನಿಗೆ ಅಡ್ಡಹೆಸರಾಗುತ್ತದೆ. ಸಿನೆಮಾ ಅಭಿಮಾನಿಗಳ ಜಗಳದಲ್ಲೂ ಎದುರಾಳಿಯನ್ನು ಬೈಯಲು 'ಕುರುಡ', 'ಹುಚ್ಚ' ಎಂಬ ಪದಗಳೇ ಬೇಕು.

ವಿಪರ್ಯಾಸವೆಂದರೆ, ಇದೇ ವೃತ್ತಿರಂಗಭೂಮಿಯನ್ನು ಬೆಳೆಸಿದವರಲ್ಲಿ ಗದಗದ ವೀರೇಶ್ವರ ಪುಣ್ಯಾಶ್ರಮದ ಅಂಧ ಗವಾಯಿಗಳೂ ಇದ್ದಾರೆ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಪುಟ್ಟರಾಜ ಗವಾಯಿಗಳು ನಾಟಕ ಬರೆದರು, ಕಂಪನಿ ನಡೆಸಿದರು. 2010ರಲ್ಲಿ ಪದ್ಮಭೂಷಣ ಪಡೆದರು. ಅವರನ್ನು ನಾವು 'ನಡೆದಾಡುವ ದೇವರು' ಎಂದೆವು. ಆದರೆ ಒಬ್ಬರನ್ನು ದೇವರೆಂದು ಪೂಜಿಸಿ ಉಳಿದವರನ್ನು ನಗೆಪಾಟಲು ಮಾಡಿದರೆ, ಸಾಮಾನ್ಯ ಮನುಷ್ಯನಾಗಿ ಬದುಕಲು ಬಯಸುವ ಅಂಧನಿಗೆ ಜಾಗವೆಲ್ಲಿ?

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಮಿನ ಪ್ರಕಾರ, ಸಾರ್ವಜನಿಕರ ಎದುರು ವಿಕಲಚೇತನರನ್ನು ಬೇಕೆಂದೇ ಅವಮಾನಿಸಿದವರಿಗೆ 6 ತಿಂಗಳಿಂದ 5 ವರ್ಷದ ತನಕ ಸಜೆಯಾಗಬಹುದು. 2024ರ ಜುಲೈ 8ರಂದು ಸುಪ್ರೀಂ ಕೋರ್ಟ್, ಚಲನಚಿತ್ರವೊಂದರ ಪ್ರಕರಣದಲ್ಲಿ, ವಿಕಲಚೇತನರನ್ನು ಕೀಳಾಗಿಸುವ ಹಾಸ್ಯ ಬೇರೆ, ಅವರ ಬದುಕನ್ನು ಅರಿಯಲು ನೆರವಾಗುವ ಹಾಸ್ಯ ಬೇರೆ ಎಂದು ಸ್ಪಷ್ಟಪಡಿಸಿತು. ಅಂದರೆ ನಗುವುದಕ್ಕೆ ನಿಷೇಧವಿಲ್ಲ. ಯಾರ ಜೊತೆ ನಗುತ್ತೇವೆ, ಯಾರನ್ನು ನೋಡಿ ನಗುತ್ತೇವೆ ಎಂಬುದೇ ಪ್ರಶ್ನೆ.

ಕಷ್ಟದಲ್ಲಿರುವ ಕಂಪನಿಗಳ ಮೇಲೆ ಕೇಸು ಹಾಕಿದರೆ ಸಮಸ್ಯೆ ಬಗೆಹರಿಯದು. ಬದಲಾವಣೆಯ ಕೀಲಿಕೈ ಇರುವುದು ಪ್ರೇಕ್ಷಕನ ಕೈಯಲ್ಲಿ. ಕುಂಟುವ ಪಾತ್ರಕ್ಕೆ ಸಿಳ್ಳೆ ನಿಂತ ದಿನ ಕಲಾವಿದ ಬೇರೆ ಹಾಸ್ಯ ಹುಡುಕುತ್ತಾನೆ. ಆ ಪ್ರತಿಭೆ ಅವನಲ್ಲಿದೆ. ಗಾಲಿಕುರ್ಚಿ ಟೆಂಟಿನೊಳಗೆ ಬರುವಂತೆ ದಾರಿ ಮಾಡಿಕೊಟ್ಟರೆ, ಆ ನಗುವಿನಲ್ಲಿ ಎಲ್ಲರೂ ಪಾಲುದಾರರಾಗುತ್ತಾರೆ. ನಮ್ಮ ಪಕ್ಕದ ಕುರ್ಚಿಯಲ್ಲಿ ತೊದಲುವ ಮಗುವೊಂದು ಕುಳಿತಿದ್ದರೆ ಈ ಮಾತಿಗೆ ನಗುತ್ತಿದ್ದೆವೇ ಎಂದು ನಾವೆಲ್ಲರೂ ಕೇಳಿಕೊಳ್ಳೋಣ.