ಓಡುವ ಕಾಲು, ಕೂರುವ ಕುರ್ಚಿ

2022ರ ‘ಕಾಂತಾರ’ ಸಿನಿಮಾ ಅಲ್ಲಿ ಚಿತ್ರೀಕರಣಗೊಂಡ ಮೇಲೆ, ಅದರ ನಿರ್ದೇಶಕ ರಿಷಬ್ ಶೆಟ್ಟಿಯವರ ಊರು, ಕುಂದಾಪುರದ ಕಡೆಯ ಕೆರಾಡಿ, ರಾಜ್ಯಕ್ಕೆಲ್ಲ ಗೊತ್ತಾಯಿತು. ಕಾಡಂಚಿನ ಜನರ ಕಥೆಗೆ ಚಪ್ಪಾಳೆಯೂ ಬಿತ್ತು. ಅದೇ ಘಟ್ಟದ ಸಾಲು ಹಿಡಿದು ಉತ್ತರಕ್ಕೆ ಹೋಗಿ, ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿದರೆ ಯಲ್ಲಾಪುರ. ಅಲ್ಲಿನ ಶಾಂತಾರಾಮ ಸಿದ್ದಿಯವರ ಹೆಸರು ಕುಂದಾಪುರದ ಕಡೆ ಎಷ್ಟು ಮಂದಿಗೆ ಗೊತ್ತು?

ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಸಿದ್ದಿಗಳು. ಉತ್ತರ ಕನ್ನಡದಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ರಾಜ್ಯದ ಸಿದ್ದಿಗಳಲ್ಲಿ ಮೊದಲ ಪದವೀಧರರೆಂದು ಹೆಸರಾದ ಶಾಂತಾರಾಮರು ವನವಾಸಿ ಕಲ್ಯಾಣ ಸಂಘಟನೆಯ ಕೆಲಸದಲ್ಲಿ ದಶಕಗಳನ್ನು ಕಳೆದರು. 2020ರ ಜುಲೈಯಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಸಿದ್ದಿಯೊಬ್ಬರು ಶಾಸಕರಾದದ್ದು ಅದೇ ಮೊದಲು. ನಾಮನಿರ್ದೇಶನದ ಹಿಂದೆ ಪಕ್ಷದ ಲೆಕ್ಕಾಚಾರ ಇದ್ದೀತು, ಇರಲಿ, ಬಾಗಿಲಂತೂ ತೆರೆಯಿತು.

ಅಮೆರಿಕದಲ್ಲಿ ಇಂಥ ಬಾಗಿಲು ತೆರೆದವರಲ್ಲಿ ಕ್ಲಿಫ್ಟನ್ ವಾರ್ಟನ್ ಒಬ್ಬರು. ಹದಿನಾರನೇ ವಯಸ್ಸಿಗೇ ಹಾರ್ವರ್ಡ್ ಸೇರಿದವರು. 1970ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷರಾದಾಗ, ಬಿಳಿಯರೇ ತುಂಬಿದ್ದ ಅಷ್ಟು ದೊಡ್ಡ ವಿಶ್ವವಿದ್ಯಾಲಯದ ಚುಕ್ಕಾಣಿ ಕಪ್ಪು ವರ್ಣೀಯರೊಬ್ಬರ ಕೈಗೆ ಬಂತು. 1993ರಲ್ಲಿ ವಿದೇಶಾಂಗ ಇಲಾಖೆಯ ಉಪಕಾರ್ಯದರ್ಶಿಯೂ ಆದರು. ಆದರೆ ಅವರ ತಂದೆ ಆಗಲೇ ರಾಜತಾಂತ್ರಿಕರಾಗಿದ್ದರು. ಮನೆಯಲ್ಲಿ ಒಂದು ತಲೆಮಾರು ಮೊದಲೇ ಓದಿತ್ತು. ಶಾಂತಾರಾಮರಿಗೆ ಹಾಗೆ ದಾರಿ ತೋರಿಸಲು ಸಮುದಾಯದಲ್ಲಿ ಪದವಿ ಓದಿದ ಹಿರಿಯರೇ ಇರಲಿಲ್ಲ.

ಸಿದ್ದಿಗಳಲ್ಲಿ ಸರ್ಕಾರ ಮೊದಲು ಕಂಡದ್ದು ಕಾಲುಗಳನ್ನು. ಮಾರ್ಗರೆಟ್ ಆಳ್ವ ಕ್ರೀಡಾ ಸಚಿವೆಯಾಗಿದ್ದಾಗ, 1987ರಲ್ಲಿ, ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟಕ್ಕೆ ತರಬೇತುಗೊಳಿಸಿತು. ಪದಕಗಳೂ ಬಂದವು. 1993ರಲ್ಲಿ ಯೋಜನೆಯೇ ನಿಂತಿತು, ಎಷ್ಟೋ ಮಕ್ಕಳು ಊರಿಗೆ ಮರಳಿ ಕೂಲಿಗೆ ಹೋದರು. ಯೋಜನೆ ತಪ್ಪೆಂದಲ್ಲ, ಆದರೆ ಆಫ್ರಿಕಾ ಮೂಲದವರೆಂದರೆ ಓಡಲೇಬೇಕು ಎಂದುಕೊಂಡವರಿಗೆ ಅವರಲ್ಲಿ ಒಬ್ಬ ಪ್ರಾಧ್ಯಾಪಕ ಇರಬಹುದೆಂಬ ಯೋಚನೆ ಬರಲಿಲ್ಲ.

ಇದು ಯಲ್ಲಾಪುರದವರ ಪಾಡು ಎಂದು ಕೆರಾಡಿಯಲ್ಲಿ ಕೂತು ಹೇಳುವಂತಿಲ್ಲ. ಇಲ್ಲಿನ ಆದಿವಾಸಿ ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯಿಂದ ಬಿಡಿಸಲು 2000ದಲ್ಲಿ ಕಾನೂನೇ ಬೇಕಾದ ಸೀಮೆ ಇದು. ಅವರ ಡೋಲು ಎಲ್ಲರಿಗೂ ಬೇಕು, ಸಿದ್ದಿಗಳ ಡಮಾಮಿ ಕುಣಿತವೂ ಬೇಕು. ಆದರೆ ಈ ಸಮುದಾಯಗಳ ಮಕ್ಕಳು ಪಿಯುಸಿ ದಾಟಿ ಸಂಶೋಧನೆಯವರೆಗೆ ನಿಲ್ಲದೆ ಓದಲು ಬೇಕಾದ ಹಾಸ್ಟೆಲು, ತಿಂಗಳು ತಪ್ಪದ ವಿದ್ಯಾರ್ಥಿವೇತನದ ಲೆಕ್ಕವನ್ನು ವಿಶ್ವವಿದ್ಯಾಲಯಗಳು ಈಗಲೇ ಹಾಕಬೇಕು. ಇಂದು ಎಂಟನೇ ತರಗತಿಯಲ್ಲಿರುವ ಹುಡುಗಿ ಕುಲಪತಿ ಹುದ್ದೆಯ ಅರ್ಹತೆಗೆ ಬರಲು ಇನ್ನೂ ಮೂವತ್ತು ವರ್ಷವಾದರೂ ಬೇಕು.